ತಗಡು ಯಾರ ತಲೆಯ ಮೇಲೆ

ಅಡುಗೆಮನೆಯ ಹೆಂಚು ಇಳಿಸಿ ಕೊಟ್ಟಿಗೆಗೆ ಹೊದಿಸಿದ ದಿನ ಆ ಮನೆಯಲ್ಲಿ ಯಾರೂ ಜಗಳವಾಡಲಿಲ್ಲ. ಜಗಳವಾಡಬೇಕಿದ್ದದ್ದು ಅಂದೇ.

ಆಗಿನ್ನೂ ಚಳಿ ಪೂರ್ತಿ ಹೋಗಿರಲಿಲ್ಲ. ಗಂಡ ಸೂರಿನ ಮೇಲೆ ಕುಕ್ಕರಗಾಲಲ್ಲಿ ಕೂತು ಹೆಂಚು ಕಿತ್ತು ಕೊಡುತ್ತಿದ್ದ, ಮೈದುನ ಏಣಿಯ ನಡುವೆ ನಿಂತು ಇಸಿದುಕೊಳ್ಳುತ್ತಿದ್ದ, ಕೆಳಗೆ ಸೊಸೆ ಅದನ್ನು ಹಿಡಿದು, ವರ್ಷಾನುಗಟ್ಟಲೆಯ ಹೊಗೆಮಸಿಯನ್ನು ಚಿಂದಿಬಟ್ಟೆಯಿಂದ ಒರೆಸಿ, ಗೋಡೆಗೆ ಒರಗಿಸಿ ಇಡುತ್ತಿದ್ದಳು. ಕೊಟ್ಟಿಗೆಯ ಮೇಲಿದ್ದ ತಗಡಿನ ಶೀಟುಗಳು ಅಡುಗೆಮನೆಗೆ ಬಂದವು. ತಗಡು ಹೊಡೆಯುವಾಗಿನ ಮೊಳೆಯ ಸದ್ದಿಗೆ ಕೋಳಿಗಳು ಓಡಿಹೋದವು. ಅಷ್ಟೇ ಗಲಾಟೆ.

ಮಾವನ ವಾದ ನೇರವಾಗಿತ್ತು. ಹೋದ ಬೇಸಿಗೆಯಲ್ಲಿ ಕರಿ ಹಸು ಕಂದು ಹಾಕಿತ್ತು. ತುಂಬು ಗಬ್ಬದ ಹಸು, ಮನೆಗೆ ಹಾಲು ಸುರಿಸುವ ಹಸು. ಮೈದುನ ಅದನ್ನು ಸಾಹುಕಾರ್ತಿ ಎಂದೇ ಕರೆಯುತ್ತಿದ್ದ. ದನದ ಡಾಕ್ಟರು ಬಂದು ನೋಡಿ, ತಗಡಿನ ಕೆಳಗೆ ಹಸು ಕಟ್ಟಬೇಡಿ, ಹೆಂಚು ಹೊದಿಸಿ, ಫ್ಯಾನು ಹಾಕಿ, ಗೋಣಿಚೀಲ ಒದ್ದೆ ಮಾಡಿ ಇಳಿಬಿಡಿ ಎಂದು ಹೇಳಿ ಹೋಗಿದ್ದರು.

"ಹೊಸ ಹೆಂಚು ಎಲ್ಲಿಂದ ತರೋದು? ಅಡುಗೆಮನೇದು ಇದೆಯಲ್ಲ," ಎಂದಿದ್ದ ಮಾವ. "ಹಸುಗಳು ದಿನವಿಡೀ ಅಲ್ಲೇ ಇರ್ತಾವೆ. ಅಡುಗೆಮನೇಲಿ ಯಾರಿರ್ತಾರೆ? ಒಂದು ಗಳಿಗೆ ಹೋಗ್ತೀರಿ, ಬೇಯಿಸ್ತೀರಿ, ಬರ್ತೀರಿ."

ಅದಕ್ಕೆ ಅತ್ತೆ, "ಬೇಯಿಸೋಕೆ ಸೂರು ಯಾವುದಾದ್ರೇನು," ಎಂದಳು. ಹೋದ ಬೇಸಿಗೆಯಲ್ಲೇ, ಹಸು ಕಂದು ಹಾಕಿದ ಕೆಲವೇ ದಿನಕ್ಕೆ, ಅದೇ ತಗಡಿನ ಕೊಟ್ಟಿಗೆಯಲ್ಲಿ ಅದರ ಆರೈಕೆಗೆ ನಿಂತಿದ್ದ ಸೊಸೆಯ ಹೊಟ್ಟೆಯೂ ಇಳಿದುಹೋಗಿತ್ತು. ಏಳು ತಿಂಗಳು ತುಂಬಿದ್ದ ಗಂಡುಮಗು. ಆಗ ಮನೆಗೆ ಯಾವ ಡಾಕ್ಟರೂ ಬರಲಿಲ್ಲ. "ಇವಳ ಹೊಟ್ಟೆ ನಿಲ್ಲೋ ಹೊಟ್ಟೆಯಲ್ಲ," ಎಂದು ಅತ್ತೆ ಬಾವಿಕಟ್ಟೆಯ ಹತ್ತಿರ ಹೇಳಿದ್ದಳು. ಕೇಳಿಸಲಿ ಎಂದೇ ಹೇಳಿದ್ದಳು. ಈಗ ಮತ್ತೆ ಬಸುರಿ. ಹೆಂಚು ಒರೆಸುವಾಗ ಇನ್ನೂ ಯಾರಿಗೂ ಹೇಳಿರಲಿಲ್ಲ.

ಬಿಸಿಲು ಬಂತು. ಬರುವ ಹೊತ್ತಿಗಿಂತ ಮೊದಲೇ ಬಂತು. ಹಿಂದೆಲ್ಲ ಹೊಲದಲ್ಲಿ ಬೆಳಗಿನ ತಿಂಡಿ ತಿಂದು ನಡುಹಗಲಿನವರೆಗೆ ದುಡಿಯುತ್ತಿದ್ದ ಗಂಡಸರು ಈಗ ಹತ್ತು ಸಾಲು ಕಳೆ ತೆಗೆಯುವಷ್ಟರಲ್ಲಿ ಕಣ್ಣು ಕತ್ತಲೆ ಬಂದು ಬದುವಿನ ಮೇಲೆ ಕೂರುವಂತಾಯಿತು. ಕೆಳಗಿನ ಕೇರಿಯ ಒಬ್ಬ ಗಟ್ಟಿಗ ಹೊಲದಲ್ಲೇ ಬಿದ್ದ. ಎತ್ತಿ ತಂದು ನೀರು ಸುರಿದು ಉಳಿಸಿಕೊಂಡರು. ಹಾಲಿನ ಸಂಘದ ಕಟ್ಟಡದಲ್ಲಿ ಸಭೆ ಸೇರಿತು. ಬಿಸಿಲು ಸಮಿತಿ ಎಂದು ಒಂದು ಸಮಿತಿಯಾಯಿತು. ಮಾವ ಅದರ ಅಧ್ಯಕ್ಷ.

ಹಾಲಿನ ಕ್ಯಾನು ಹೊತ್ತು ಹೋಗಿದ್ದ ಸೊಸೆ ಬಾಗಿಲ ಹೊರಗೆ ನಿಂತು ಕೇಳಿದಳು. ಇನ್ನುಮುಂದೆ ಹೊಲದ ಕೆಲಸ ಕತ್ತಲಿರುವಾಗಲೇ ಶುರು. ಬಿಸಿಲೇರಿದ ಮೇಲೆ ಯಾರೂ ಹೊಲದಲ್ಲಿ ಇರಕೂಡದು. ನಡುಹಗಲು ನೆರಳಲ್ಲಿ ಮಲಗುವುದು. ಬಿಸಿಲು ಇಳಿಯುವ ಮುಂಚೆ ಬಿಸಿಬಿಸಿ ಉಂಡು ಮತ್ತೆ ಹೊಲಕ್ಕೆ. ಕತ್ತಲಾದ ಮೇಲೆ ಮನೆಗೆ. ಒಳ್ಳೆಯ ತೀರ್ಮಾನ; ಯಾರೂ ಹೊಲದಲ್ಲಿ ಸಾಯಬಾರದಲ್ಲ. ಚಪ್ಪಾಳೆ ಬಿತ್ತು. ನಮ್ಮೂರು ಬಿಸಿಲಿಗೆ ಹೊಂದಿಕೊಂಡಿತು ಎಂದು ಮಾವ ಎದೆಯುಬ್ಬಿಸಿ ಹೇಳಿದ. ಆ ಬಿಸಿಬಿಸಿ ಊಟ ಯಾವ ಹೊತ್ತಿನಲ್ಲಿ ಬೇಯಬೇಕು ಎಂದು ಒಬ್ಬನಾದರೂ ಕೇಳಿದ್ದರೆ ಅವಳು ಉತ್ತರ ಹೇಳುತ್ತಿದ್ದಳು. ಯಾರೂ ಕೇಳಲಿಲ್ಲ. ಖಾಲಿ ಕ್ಯಾನು ತೆಗೆದುಕೊಂಡು ಮನೆಗೆ ಬಂದಳು.

ಬೆಳಿಗ್ಗೆಯೇ ಬೇಯಿಸಿಡಲು ನೋಡಿದಳು. ಹಾಲು ಕರೆದು, ಸಂಘಕ್ಕೆ ಒಯ್ದು, ನೀರು ಹೊತ್ತು, ಸಗಣಿ ಬಾಚಿ, ಇನ್ನೂ ಬಿಸಿಲೇರುವ ಮೊದಲೇ ಒಲೆ ಹಚ್ಚಿ ಬೇಳೆ ಬೇಯಿಸಿಟ್ಟಳು. ಮಲಗಿ ಎದ್ದ ಗಂಡಸರು ತಟ್ಟೆಗೆ ಕೂತರು. ಮೈದುನ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದ.

"ಅತ್ತಿಗೆ, ಬೇಳೆಗೆ ಮೊಸರು ಹಾಕಿದ್ರಾ?"

"ಇಲ್ಲ ಕಣಪ್ಪ. ಯಾಕೆ?"

"ಹಾಗಾದ್ರೆ ತಾನಾಗೇ ಮೊಸರಾಗಿದೆ."

ಗಂಡ ಮೂಸಿ ನೋಡಿದ. "ಹಳಸಿದೆ."

"ಆ ತಗಡಿನ ಕೆಳಗೆ ಇಟ್ಟರೆ ಹಳಸದೆ ಇನ್ನೇನಾಗುತ್ತೆ," ಎಂದಳು ಸೊಸೆ.

"ಇಡಬೇಡ ಮತ್ತೆ. ಆಗ ಬೇಯಿಸು, ಆಗ ಬಡಿಸು," ಎಂದ ಮಾವ. "ಇಷ್ಟಕ್ಕೂ ನಾವು ಏನು ಕೇಳ್ತಿದೀವಿ? ಹೊಟ್ಟೆಗೆ ಒಂದು ಬಿಸಿ ತುತ್ತು. ಕತ್ತಲಲ್ಲಿ ಎದ್ದು ಹೋದೋರು ನಾವು."

"ಕತ್ತಲಲ್ಲಿ ಎದ್ದು ರೊಟ್ಟಿ ಕಟ್ಟಿಕೊಟ್ಟೋಳು ಯಾರು ಮಾವ?"

ಅತ್ತೆ ನೀರಿನ ಚೊಂಬನ್ನು ಕುಕ್ಕಿ ಇಟ್ಟಳು. "ನಾಲಿಗೆ ನೋಡು! ನಾವೂ ಬೇಯಿಸಿದೀವಿ, ಹೊಗೇಲಿ ಕೂತು ಬೇಯಿಸಿದೀವಿ, ಹೆತ್ತೂ ಇದೀವಿ."

ಹೆತ್ತೂ ಇದೀವಿ ಎಂಬುದು ಎಲ್ಲಿ ತಾಗಬೇಕಿತ್ತೋ ಅಲ್ಲೇ ತಾಗಿತು. ಸೊಸೆ ಹಳಸಿದ ಬೇಳೆಯ ಪಾತ್ರೆ ಎತ್ತಿಕೊಂಡು ಹೋಗಿ ಕಲಗಚ್ಚಿನ ಬಾನಿಗೆ ಸುರಿದಳು. ಮರುದಿನದಿಂದ ಒಲೆ ನಡುಹಗಲಲ್ಲಿ ಹತ್ತಿತು.

ತಗಡಿನ ಕೆಳಗೆ ನಡುಹಗಲಲ್ಲಿ ಒಲೆ ಹಚ್ಚಿದರೆ ಹೇಗಿರುತ್ತದೆಂದು ಹೇಳಿದರೆ ನೆರಳಲ್ಲಿ ಮಲಗಿದವರಿಗೆ ಅರ್ಥವಾಗದು. ಮೇಲಿನಿಂದ ಒಂದು ಬೆಂಕಿ, ಕೆಳಗಿನಿಂದ ಒಂದು ಬೆಂಕಿ. ನಡುವೆ ರೊಟ್ಟಿ ತಟ್ಟುವವಳು. ಹಣೆಯ ಬೆವರು ಹಿಟ್ಟಿಗೆ ಬೀಳದಂತೆ ಅವಳು ತಲೆಗೆ ಬಟ್ಟೆ ಬಿಗಿದುಕೊಂಡಳು. ಹಿತ್ತಾಳೆಯ ಚೊಂಬು ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತಿತ್ತು. ಕಿಟಕಿಯಿಂದ ನೋಡಿದರೆ ಅಂಗಳದಾಚೆ ಕೊಟ್ಟಿಗೆ. ಹೆಂಚಿನ ಕೆಳಗೆ ಫ್ಯಾನು ತಿರುಗುತ್ತ, ಒದ್ದೆ ಗೋಣಿಯಿಂದ ನೀರು ತೊಟ್ಟಿಕ್ಕುತ್ತ, ಕರಿ ಹಸು ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಆ ಗೋಣಿಯನ್ನು ಗಳಿಗೆಗೊಮ್ಮೆ ಒದ್ದೆ ಮಾಡುವ ಕೆಲಸವೂ ಸೊಸೆಯದೇ. ನಿಜ ಹೇಳಬೇಕೆಂದರೆ ದಿನದಲ್ಲಿ ಅವಳು ಕಾಯುತ್ತಿದ್ದದ್ದು ಆ ಕೆಲಸಕ್ಕೆ. ಗೋಣಿ ನೆನೆಸುವ ನೆಪದಲ್ಲಿ ಫ್ಯಾನಿನ ಎದುರು ಎರಡು ಉಸಿರು ನಿಂತು ಬರುತ್ತಿದ್ದಳು.

ಹಾಗೆ ನಿಂತಿದ್ದಾಗಲೇ ಒಂದು ಮಧ್ಯಾಹ್ನ ಅವಳಿಗೆ ಹೊಳೆಯಿತು, ಬೆಳಗಿನಿಂದ ಮಗು ಮಿಸುಕಿಲ್ಲ ಎಂದು.

ನೀರು ಕುಡಿದಳು. ಗೋಡೆಗೆ ಒರಗಿ ಕೂತು ಹೊಟ್ಟೆಯ ಮೇಲೆ ಕೈಯಿಟ್ಟು ಕಾದಳು. ಎಡಕ್ಕೆ ಹೊರಳಿ ಮಲಗಿದಳು. ಏನೂ ಇಲ್ಲ. ಒಳಗಿನಿಂದ ರೊಟ್ಟಿ ಸೀಯುವ ವಾಸನೆ ಬಂತು, ಏಳಲಿಲ್ಲ. ಅತ್ತೆ ಬೈಯುತ್ತ ಬಂದವಳು ಅವಳ ಮುಖ ನೋಡಿ ಮಗನನ್ನು ಕೂಗಿದಳು. ಗಂಡ ಜಗಲಿಯಿಂದ ಎದ್ದು ಬಂದು ಗಾಡಿ ತೆಗೆದ.

ಆರೋಗ್ಯ ಕೇಂದ್ರದ ನರ್ಸಮ್ಮ ಹೊಟ್ಟೆಗೆ ಯಂತ್ರವಿಟ್ಟು ಹುಡುಕಿದಳು. ಜಾಗ ಬದಲಿಸಿ ಮತ್ತೆ ಹುಡುಕಿದಳು. ಎಲ್ಲೋ ದೂರದಲ್ಲಿ ಕುದುರೆ ಓಡಿದ ಹಾಗೆ ಸದ್ದು ಕೇಳಿಸಿತು.

"ಇದೆ," ಎಂದಳು ನರ್ಸಮ್ಮ. "ಇದೆ, ಆದ್ರೆ ಸುಸ್ತಾಗಿದೆ. ಎಲ್ಲಿ ಕೆಲಸ ಮಾಡ್ತೀಯಮ್ಮ ನೀನು, ಇಟ್ಟಿಗೆ ಗೂಡಲ್ಲಾ?"

"ಮನೇಲೇ."

"ಮನೇಲೇ ಇದ್ದು ಹೀಗಾದ್ಯಾ? ನೋಡಪ್ಪಾ," ಎಂದು ಗಂಡನ ಕಡೆ ತಿರುಗಿದಳು. "ಇವಳಿಗೆ ಕಾವು ತಗುಲಬಾರದು. ನೀರು, ನೆರಳು, ವಿಶ್ರಾಂತಿ. ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ಇಲ್ಲ, ಹೇಳಿದೀನಿ."

ಮನೆಯ ಹತ್ತಿರ ಬಂದಾಗ ಗಂಡ, "ಅಮ್ಮನಿಗೆ ಹೇಳ್ತೀನಿ," ಎಂದ.

"ಅಮ್ಮನಿಗೆ ಏನು ಹೇಳ್ತೀರಿ? ಅಪ್ಪನಿಗೆ ಹೇಳಿ. ಹೆಂಚು ವಾಪಸ್ ಹಾಕಿಸಿ."

"ಹಸು ಗಬ್ಬ ಇದೆಯಲ್ಲೇ..."

"ನಾನು?"

ಅವನು ಗಾಡಿ ನಿಲ್ಲಿಸುವುದರಲ್ಲಿ ಮಗ್ನನಾದ.

ಆ ಸಂಜೆ ಊಟಕ್ಕೆ ಕೂತಾಗ ಅವನು ನರ್ಸಮ್ಮನ ಮಾತು ಹೇಳಿದ. ಹೆಂಚಿನ ಮಾತು ಹೇಳಲಿಲ್ಲ. ಸೊಸೆಯೇ ಹೇಳಿದಳು. ಮಾವನಿಗೆ ಸಿಟ್ಟು ಬರಲಿಲ್ಲ. ಅವನು ತಾಳ್ಮೆಯಿಂದ, ಸಭೆಯಲ್ಲಿ ತಿಳಿಸಿ ಹೇಳುವ ಹಾಗೆ ತಿಳಿಸಿ ಹೇಳಿದ. "ನೋಡಮ್ಮ, ಮಳೆಗಾಲ ಕಳೀಲಿ. ಬೆಳೆ ಕೈಗೆ ಬರ್ಲಿ. ಅಡುಗೆಮನೆಗೂ ಹೊಸ ಹೆಂಚು ಹಾಕಿಸೋಣ. ಈಗ ಹಸು ಮತ್ತೆ ಕಂದು ಹಾಕಿದ್ರೆ ಮನೆ ನಡೆಯೋದು ಹೇಗೆ, ನೀನೇ ಹೇಳು."

"ಮಳೆಗಾಲ ಕಳೆಯೋವರೆಗೆ ಇದು ಹೊಟ್ಟೇಲೇ ಇರುತ್ತಾ ಮಾವ?"

"ಹಾಗಾದ್ರೆ ನೀನು ಒಲೆ ಹತ್ತಿರ ಹೋಗಬೇಡ."

"ಯಾರು ಹೋಗ್ತಾರೆ?"

ಮೈದುನ ಕೈಯೆತ್ತಿದ. "ನಾನು ಬೇಯಿಸ್ತೀನಿ. ತಿನ್ನೋ ಧೈರ್ಯ ಯಾರಿಗಿದೆ?" ಯಾರೂ ನಗಲಿಲ್ಲ. ಅವನೂ ಕೈ ಇಳಿಸಿದ.

"ಯಾಕಿಷ್ಟು ರಾಮಾಯಣ," ಎಂದಳು ಅತ್ತೆ. "ನಾನೇ ಬೇಯಿಸ್ತೀನಿ. ಇವಳು ಕಾಲು ಚಾಚಿ ಕೂತಿರ್ಲಿ. ಈ ವಯಸ್ಸಲ್ಲಿ ಸೊಸೆಗೆ ಬೇಯಿಸಿ ಹಾಕೋ ಭಾಗ್ಯ ಎಷ್ಟು ಜನಕ್ಕಿದೆ!"

ಮರುದಿನದಿಂದ ಅತ್ತೆ ಒಲೆಯ ಮುಂದೆ ಕೂತಳು. ಪಾತ್ರೆಗಳು ಬೇಕೆಂದೇ ಜೋರಾಗಿ ಸದ್ದು ಮಾಡಿದವು. "ಅಮ್ಮಾವ್ರಿಗೆ ಉಪ್ಪು ಸರಿಯಾಗಿದೆಯಾ?" "ಅಮ್ಮಾವ್ರು ಇನ್ನೊಂದು ರೊಟ್ಟಿ ಹಾಕಿಸ್ಕೋತಾರಾ?" ಸೊಸೆ ತಲೆ ತಗ್ಗಿಸಿ ತಿಂದಳು. ನಡುಮನೆಯ ನೆರಳಿನಲ್ಲಿ ಕೂತು ಸೊಪ್ಪು ಬಿಡಿಸಿದಳು, ಬೀಜ ಹಸನು ಮಾಡಿದಳು, ಚೀಲ ಹೊಲಿದಳು. ಮಗು ಮತ್ತೆ ಒದೆಯತೊಡಗಿತು. ಪ್ರತಿ ಒದೆತಕ್ಕೂ ಒಳಗೆ ಒಲೆಯ ಮುಂದೆ ಅತ್ತೆಯ ಕೆಮ್ಮು ಕೇಳುತ್ತಿತ್ತು.

ಒಂದು ವಾರ ಆಗಿರಬೇಕು. ಬೂದಿ ಚೆಲ್ಲಲು ಹಿತ್ತಿಲಿಗೆ ಹೋದ ಸೊಸೆಗೆ ಅತ್ತೆ ಕಂಡಳು. ನುಗ್ಗೆಮರ ಹಿಡಿದು ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಕುತ್ತಿಗೆ ಕೆಂಪಾಗಿತ್ತು. ಸೊಸೆ ಓಡಿ ಹೋಗಿ ಬೆನ್ನು ಹಿಡಿದಳು.

"ಬಿಡು. ರಾತ್ರಿ ತಿಂದದ್ದು ಆಗಲಿಲ್ಲ."

"ರಾತ್ರಿ ನೀವು ತಿನ್ನಲೇ ಇಲ್ಲ ಅತ್ತೆ."

"ಎಲ್ಲ ನೋಡ್ತಿರ್ತೀಯ ಅಲ್ವಾ? ಕೂತ್ಕೊಂಡಿರೋರಿಗೆ ಬೇರೆ ಏನು ಕೆಲಸ."

ಅಂದು ಸೊಸೆ ಅಡುಗೆಮನೆಗೆ ನುಗ್ಗಿ ಸೌಟಿಗೆ ಕೈಹಾಕಿದಳು. ಅತ್ತೆ ಬಿಡಲಿಲ್ಲ. ಆ ತಗಡಿನ ಕೆಳಗೆ ಇಬ್ಬರೂ ಸೌಟಿನ ಒಂದೊಂದು ತುದಿ ಹಿಡಿದು ನಿಂತರು, ಬೆವರು ಇಳಿಯುತ್ತ, ಮಕ್ಕಳ ಹಾಗೆ.

"ಬಿಡಿ ಅತ್ತೆ, ಸತ್ತುಹೋಗ್ತೀರಿ."

"ನೀನು ಬಿಡೇ. ಇನ್ನೊಂದು ಕಳ್ಕೊಂಡ್ರೆ ಊರೆಲ್ಲ ನನ್ನನ್ನ ಆಡ್ಕೊಳ್ಳುತ್ತೆ, ಸೊಸೆಗೆ ಬೇಯಿಸಿ ಹಾಕಲಿಲ್ಲ ಅಂತ."

"ಊರು ಆಡ್ಕೊಳ್ಳುತ್ತೆ ಅಂತಾನಾ?"

ಅತ್ತೆ ಜೋರಾಗಿ ಎಳೆದಳು. ಸೌಟು ಅವಳ ಕೈಯಲ್ಲೇ ಉಳಿಯಿತು. ಹೊರಗೆ ಜಗಲಿಯ ಮೇಲೆ ಮೂವರು ಗಂಡಸರ ಗೊರಕೆ ಒಂದರ ಹಿಂದೊಂದು ಏರಿ ಇಳಿಯುತ್ತಿತ್ತು. ಜಗಲಿಗೆ ಹೆಂಚಿತ್ತು. ಗಾಳಿಯೂ ಇತ್ತು.

ದನದ ಡಾಕ್ಟರು ಬಂದದ್ದು ಅದರ ಮರುವಾರ, ಹಸುವಿನ ಗಬ್ಬ ನೋಡಲು. ಬೈಕು ನಿಲ್ಲಿಸಿ ಕೊಟ್ಟಿಗೆಗೆ ಹೋದವರು ಹೆಂಚು ನೋಡಿದರು, ಫ್ಯಾನು ನೋಡಿದರು, ಒದ್ದೆ ಗೋಣಿ ಮುಟ್ಟಿ ನೋಡಿದರು. ಕಂಬಕ್ಕೆ ಕಾವು ಅಳೆಯುವ ಗಾಜಿನ ಕೊಳವೆ ತೂಗುಹಾಕಿ, ಕಾದು, ಓದಿ, ತಲೆಯಾಡಿಸಿದರು.

"ಭೇಷ್ ಯಜಮಾನ್ರೇ. ಊರಿಗೆಲ್ಲ ನಿಮ್ಮ ಕೊಟ್ಟಿಗೆ ತೋರಿಸ್ಬೇಕು. ಕರು ಗಟ್ಟಿಯಾಗಿದೆ. ಈ ಸಲ ಭಯವಿಲ್ಲ."

ಮಾವ ಮೀಸೆಯ ಮೇಲೆ ಕೈಯಾಡಿಸಿದ. ಸೊಸೆ ಬಕೆಟ್ಟಿನಿಂದ ಗೋಣಿಗೆ ನೀರೆರಚುತ್ತಿದ್ದವಳು ನಿಂತಳು.

"ಡಾಕ್ಟ್ರೇ, ಬರೀ ಕಾವಿಗೆ ಹಸು ಕಂದು ಹಾಕುತ್ತಾ?"

"ಹಾಕದೆ ಏನಮ್ಮ? ತಾಯಿ ಮೈ ಬೆಂದ್ರೆ ಹೊಟ್ಟೇಲಿರೋದು ಬೇಯಲ್ವಾ? ಹೋದ ವರ್ಷ ಇದಕ್ಕೆ ಆಗಿದ್ದು ಅದೇ."

"ಹೆಂಗಸರಿಗೆ?"

ಡಾಕ್ಟರು ಅವಳ ಹೊಟ್ಟೆ ನೋಡಿದರು, ಆಮೇಲೆ ಮುಖ ನೋಡಿದರು. "ನಾನು ದನಕ್ಕೆ ಓದಿದೋನು. ಆದ್ರೆ ಚರ್ಮದ ಒಳಗೆ ಅಂಥಾ ವ್ಯತ್ಯಾಸ ಏನಿಲ್ಲ ತಾಯಿ."

ಅವಳು ಕಂಬದಿಂದ ಕೊಳವೆ ಬಿಚ್ಚಿಕೊಂಡಳು. "ಒಂದು ನಿಮಿಷ ಬನ್ನಿ," ಎಂದು ಅಂಗಳ ದಾಟಿದಳು. ಮಾವ "ಏನಮ್ಮಾ ಇದು" ಎನ್ನುತ್ತ ಹಿಂದೆ ಬಂದ. ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬೇಯಿಸುತ್ತಿದ್ದಳು. ಸೊಸೆ ಕೊಳವೆಯನ್ನು ಅತ್ತೆಯ ತಲೆಯ ಮಟ್ಟಕ್ಕೆ ಗೋಡೆಯ ಮೊಳೆಗೆ ನೇತುಹಾಕಿದಳು. ಬಾಗಿಲಲ್ಲಿ ನಿಂತ ಡಾಕ್ಟರು ಕರವಸ್ತ್ರ ತೆಗೆದು ಮುಖ ಒರೆಸಿದರು, ಮತ್ತೆ ಒರೆಸಿದರು. ಕೊಳವೆ ಓದಲು ಒಳಗೆ ಬಂದವರು ಓದಿ ಬೇಗ ಹೊರಗೆ ಹೋದರು.

"ಇಲ್ಲಿ ನೀವು ಹಸು ಕಟ್ಟಿದ್ರೆ ಯಜಮಾನ್ರೇ, ನಿಮ್ಮನ್ನ ಬೈದು, ಇನ್ನು ಈ ಮನೆಗೆ ಬರಲ್ಲ ಅಂತ ಹೇಳಿ ಹೋಗ್ತಿದ್ದೆ."

ಮಾವ ನಕ್ಕ. ಅತ್ತೆ ಕಾವಲಿಯ ಮೇಲೆ ರೊಟ್ಟಿ ಬಿಟ್ಟು ಎದ್ದು ಬಂದಳು.

"ಡಾಕ್ಟ್ರೇ, ಕಿಟಕೀಲಿ ಕೇಳಿಸ್ಕೊಂಡೆ. ಕಾವಿಗೆ ಹೊಟ್ಟೆ ಇಳಿಯುತ್ತೆ ಅನ್ನೋದನ್ನ ಹೋದ ವರ್ಷಾನೇ ಹೇಳಿದ್ರಾ?"

"ಹೇಳಿದ್ದೆನಲ್ಲಮ್ಮ. ಯಜಮಾನ್ರು ಇದ್ರು, ನಿಮ್ಮ ದೊಡ್ಡ ಮಗನೂ ಇದ್ದ. ಅದಕ್ಕೇ ತಾನೆ ಕೊಟ್ಟಿಗೆಗೆ ಹೆಂಚು ಬಂದದ್ದು."

ಡಾಕ್ಟರು ಹೋದರು. ಬೈಕಿನ ಸದ್ದು ಬೀದಿಯ ತಿರುವಿನಲ್ಲಿ ಕರಗುವವರೆಗೆ ಅತ್ತೆ ನಿಂತೇ ಇದ್ದಳು.

"ನಿಮಗೆ ಗೊತ್ತಿತ್ತು," ಎಂದಳು ಮಾವನ ಕಡೆ ತಿರುಗಿ.

"ಏನು ಗೊತ್ತಿತ್ತು?"

"ಇವಳದ್ದು ಹೋದಾಗ ನಾನು ಬಾಯಿಗೆ ಬಂದದ್ದು ಆಡಿದೆ. ಬಾವಿಕಟ್ಟೇಲಿ ಆಡಿದೆ, ನೆಂಟರ ಮುಂದೆ ಆಡಿದೆ. ನೀವು ಪಕ್ಕದಲ್ಲಿ ಕೂತು ಕೇಳ್ತಿದ್ರಿ. ಒಂದು ಸಲಾನಾದ್ರೂ, ಹಾಗನ್ನಬೇಡ ಕಣೇ, ಕಾವಿಗೆ ಹೀಗಾಗುತ್ತಂತೆ ಅನ್ನಬಹುದಿತ್ತಲ್ಲ?"

ಮಾವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಅದು ಹಸು ವಿಷಯ ಕಣೇ," ಎಂದ.

ಅತ್ತೆ ಅವನನ್ನು ನೋಡಿದಳು. ದೊಡ್ಡ ಮಗನನ್ನು ನೋಡಿದಳು, ಅವನು ಜಗಲಿಯ ಕಂಬಕ್ಕೆ ಒರಗಿ ಉಗುರು ಕಚ್ಚುತ್ತಿದ್ದ. ಆಮೇಲೆ ಒಳಗೆ ಹೋಗಿ ಕರಿಕಾದ ರೊಟ್ಟಿಯನ್ನು ಕಾವಲಿಯಿಂದ ಕೆರೆದಳು. ಆ ರಾತ್ರಿ ಸೊಸೆಯ ತಟ್ಟೆಗೆ ಬಡಿಸುವಾಗ ಅಮ್ಮಾವ್ರೇ ಎನ್ನಲಿಲ್ಲ.

ಮರುದಿನ ನಡುಹಗಲು ಗಂಡಸರು ಜಗಲಿಯ ಮೇಲೆ ಮಲಗಿದರು. ಸೊಸೆ ನಡುಮನೆಯಲ್ಲಿ ಕಾಳು ಆರಿಸುತ್ತಿದ್ದಳು. ಅಂಗಳದಲ್ಲಿ ಗೊರಸಿನ ಸದ್ದಾಯಿತು. ತಲೆಯೆತ್ತಿ ನೋಡಿದರೆ, ಅತ್ತೆ ಕರಿ ಹಸುವಿನ ಹಗ್ಗ ಹಿಡಿದು ಬಿಸಿಲಿನಲ್ಲಿ ನಡೆಸಿಕೊಂಡು ಬರುತ್ತಿದ್ದಾಳೆ.

"ಅತ್ತೆ! ಏನು ಮಾಡ್ತಿದೀರಿ?"

"ಸುಮ್ನಿರು."

ಹಸು ಅಡುಗೆಮನೆಯ ಹಿಂಬಾಗಿಲಲ್ಲಿ ಹಟ ಹಿಡಿಯಿತು. ಅತ್ತೆ ಒಂದು ಹಿಡಿ ಹುಲ್ಲು ತೋರಿಸಿ ಒಳಗೆಳೆದಳು. ಕಿಟಕಿಯ ಸರಳಿಗೆ ಹಗ್ಗ ಬಿಗಿದಳು. ಒಲೆ ಧಗಧಗ ಉರಿಯುತ್ತಿತ್ತು. ಆಮೇಲೆ ತನ್ನ ಜಾಗದಲ್ಲಿ ಕೂತು ಹಿಟ್ಟಿನ ಉಂಡೆ ಕೈಗೆ ತೆಗೆದುಕೊಂಡಳು, ದಿನವೂ ಹಸುವಿನ ಪಕ್ಕದಲ್ಲೇ ಕೂತು ರೊಟ್ಟಿ ತಟ್ಟುವವಳ ಹಾಗೆ.

ಹಸು ನಾಲಿಗೆ ಚಾಚಿ ಏದುಸಿರು ಬಿಡತೊಡಗಿತು. ಬಾಲಕ್ಕೆ ಸಿಕ್ಕಿ ಗೂಡಿನಲ್ಲಿದ್ದ ಡಬ್ಬಿಯೊಂದು ಉರುಳಿತು. ಆ ಸದ್ದಿಗೆ ಮೊದಲು ಎದ್ದವನು ಮೈದುನ. ಬಾಗಿಲಿಗೆ ಬಂದು ಕಣ್ಣುಜ್ಜಿಕೊಂಡ.

"ಅಪ್ಪಾ! ಸಾಹುಕಾರ್ತಿ ಅಡುಗೆಮನೇಲಿದಾಳೆ!"

ಮಾವ ಬಿದ್ದೆದ್ದು ಓಡಿ ಬಂದ. ಹೊದ್ದ ಬಟ್ಟೆ ಜಗಲಿಯಲ್ಲೇ ಉಳಿಯಿತು. "ತಲೆ ಕೆಟ್ಟಿದೆಯೇನೇ ನಿನಗೆ! ಗಬ್ಬದ ಹಸು! ಈ ಬೆಂಕೀಲಿ ಕಟ್ತಾರಾ? ಇಲ್ಲಿ ಉಸಿರಾಡೋಕೂ ಆಗ್ತಿಲ್ಲ, ಸತ್ತೇ ಹೋಗುತ್ತೆ ಅದು!"

"ಕೂತ್ಕೊಳ್ಳಿ. ರೊಟ್ಟಿ ಆಗ್ತಿದೆ."

"ಬಿಚ್ಚೇ ಅದನ್ನ!"

"ಈಗ ತಾನೆ ಕಟ್ಟಿದೀನಿ. ಒಂದು ಗಳಿಗೆ ಇರ್ಲಿ. ನೀವೇ ಹೇಳಿದ್ರಲ್ಲ, ಒಂದು ಗಳಿಗೆ ಹೋಗ್ತೀರಿ, ಬೇಯಿಸ್ತೀರಿ, ಬರ್ತೀರಿ ಅಂತ."

ಮಾವ ಹಗ್ಗಕ್ಕೆ ಕೈಹಾಕಿದ. ಅತ್ತೆ ಉರಿಯುವ ಕೊಳ್ಳಿ ಹಿರಿದು ಎದ್ದು ನಿಂತಳು. ಅವಳನ್ನು ಹಾಗೆ ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಹಿಂದೆ ಬಂದು ನಿಂತ ದೊಡ್ಡ ಮಗ "ಅಮ್ಮಾ, ಅಮ್ಮಾ" ಎಂದ.

ಹಸುವಿನ ಬಾಯಿಂದ ನೊರೆ ಇಳಿಯಿತು. ಸೊಸೆಗೆ ತಡೆಯಲಾಗಲಿಲ್ಲ. ಗಂಡಸರನ್ನು ಸರಿಸಿ ಒಳಗೆ ಹೋದಳು, ಕೊಳ್ಳಿ ಹಿಡಿದ ಅತ್ತೆಯ ಪಕ್ಕದಲ್ಲೇ ಹಾಯ್ದು ಸರಳಿನಿಂದ ಗಂಟು ಬಿಚ್ಚಿದಳು.

"ಸಾಕು ಅತ್ತೆ. ಅದೂ ಬಸುರಿ."

ಅತ್ತೆಯ ಕೈ ಇಳಿಯಿತು. ಸೊಸೆ ಹಸುವನ್ನು ಅಂಗಳ ದಾಟಿಸಿ, ಕೊಟ್ಟಿಗೆಗೆ ಒಯ್ದು, ಮೈಮೇಲೆ ನೀರು ಸುರಿದು, ಅದರ ಉಸಿರು ಹದಕ್ಕೆ ಬರುವವರೆಗೂ ಕತ್ತಿನ ಕೆಳಗಿನ ಗಂಗೆದೊಗಲು ಸವರುತ್ತ ನಿಂತಳು. ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನ ಬೆನ್ನಿನಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಅಡುಗೆಮನೆಯಲ್ಲಿ ಅವನು ನಿಂತದ್ದು ಎಷ್ಟು ಹೊತ್ತು? ಒಂದು ರೊಟ್ಟಿ ಬೇಯುವಷ್ಟೂ ಇಲ್ಲ.

"ಸರಿ," ಎಂದ ಕೊನೆಗೆ. "ಹೆಂಚು ವಾಪಸ್ ಹಾಕೋಣ. ಆದ್ರೆ ಹಸು? ತಗಡಿನ ಕೆಳಗೆ ಮತ್ತೆ ಅದೇ ಕಥೆ. ನೀವೇ ಹೇಳಿ, ಎಲ್ಲಿಂದ ತರ್ಲಿ? ಇರೋದು ಇಷ್ಟೇ ಹೆಂಚು."

"ಹಸು ಹೆಂಚು ಮುಟ್ಟಬೇಡಿ ಮಾವ," ಎಂದಳು ಸೊಸೆ ಕೊಟ್ಟಿಗೆಯಿಂದಲೇ.

"ಮತ್ತೆ?"

"ಜಗಲಿ ಮೇಲಿದೆಯಲ್ಲ."

ಎಲ್ಲರೂ ಜಗಲಿಯ ಕಡೆ ನೋಡಿದರು. ಮೂರು ಚಾಪೆ, ಮೂರು ದಿಂಬು, ಮೇಲೆ ತಂಪು ಕೆಂಪು ಹೆಂಚು.

"ಜಗಲೀದು ಕಿತ್ರೆ ನಾವೆಲ್ಲಿ ಮಲಗೋದು?" ಎಂದ ಗಂಡ. ಆ ಪ್ರಶ್ನೆ ಅವನ ಬಾಯಿಂದ ಎಷ್ಟು ಬೇಗ ಬಂತೆಂದರೆ ಅವನಿಗೇ ನಾಚಿಕೆಯಾಯಿತು.

"ಅಲ್ಲೇ," ಎಂದಳು ಸೊಸೆ. "ತಗಡಿನ ಕೆಳಗೆ. ಒಲೆ ಇರಲ್ಲ, ಪುಣ್ಯಕ್ಕೆ."

"ಬಿಸಿಲು ಸಮಿತಿ ಅಧ್ಯಕ್ಷನ ಮನೆ ಜಗಲಿಗೆ ತಗಡಾ? ಊರು ನಗುತ್ತೆ!" ಎಂದ ಮಾವ.

"ನಗಲಿ," ಎಂದಳು ಅತ್ತೆ ಕೊಳ್ಳಿಯನ್ನು ನೀರಿನ ಬಾನಿಗೆ ಅದ್ದಿ. ಅದು ಚುಸ್ ಎಂದಿತು. "ಇವತ್ತು ಹೊಲ ಬೇಡ. ಏಣಿ ತನ್ನಿ. ಹೆಂಚು ಬರೋವರೆಗೆ ಈ ಒಲೆ ಹತ್ತಲ್ಲ. ಬೇಕಾದ್ರೆ ಹಸಿಹಿಟ್ಟು ಕಲಸಿ ತಿನ್ನಿ."

ಮೈದುನ ಏಣಿ ತಂದ. ಗಂಡ ಅಡುಗೆಮನೆಯ ತಗಡಿನ ಮೇಲೆ ಪಾದವಿಟ್ಟವನು ಚೀರಿ ಕೆಳಗಿಳಿದ. ಗೋಣಿಚೀಲ ನೆನೆಸಿ ಹಾಸಿಕೊಂಡು ಮತ್ತೆ ಹತ್ತಿದ. ಸೊಸೆಯ ಮುಖ ನೋಡದೆ, "ಇಷ್ಟು ಸುಡುತ್ತೆ ಅಂತ ಗೊತ್ತಿರಲಿಲ್ಲ," ಎಂದ.

"ನಾನು ಹೇಳಿದ್ದೆ."

"ಹೇಳಿದ್ದೆ," ಎಂದು ಅವನು ಒಪ್ಪಿಕೊಂಡು ಮೊಳೆ ಕೀಳತೊಡಗಿದ.

ಬೀದಿಯಲ್ಲಿ ಹೋಗುವವರೆಲ್ಲ ನಿಂತು ಕೇಳಿದರು. ಎದುರುಮನೆಯ ಹೆಂಗಸು ಮಾತ್ರ ಏನೂ ಕೇಳದೆ ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಮನೆಯ ಜಗಲಿಯ ಸೂರನ್ನು ಕತ್ತೆತ್ತಿ ನೋಡುತ್ತ ಒಳಗೆ ಹೋದಳು. ಕತ್ತಲಾಗುವಷ್ಟರಲ್ಲಿ ಕೆಲಸ ಮುಗಿಯಿತು.

ಮರುದಿನ ನಡುಹಗಲು. ಗಂಡ ಚಾಪೆ ಸುತ್ತಿಕೊಂಡು ಹೊಂಗೆಮರದ ಬುಡಕ್ಕೆ ಹೋದ. ಮೈದುನ ಕೊಟ್ಟಿಗೆಗೆ ಹೋಗಿ ಹಸುವಿನ ಪಕ್ಕ ಮಲಗಿ, "ಇಲ್ಲಿ ಬಾಡಿಗೆ ಎಷ್ಟಮ್ಮಾ ಸಾಹುಕಾರ್ತಿ?" ಎಂದು ಕೇಳಿದ. ಮಾವ ಮಾತ್ರ ಹಟಕ್ಕೆ ಬಿದ್ದು ಜಗಲಿಯ ಮೇಲೆಯೇ ಮಲಗಿದ. ಬಲಕ್ಕೆ ಹೊರಳಿದ, ಎಡಕ್ಕೆ ಹೊರಳಿದ, ದಿಂಬು ತಿರುವಿ ಹಾಕಿಕೊಂಡ, ಎದ್ದು ನೀರು ಕುಡಿದ. ಮತ್ತೆ ಮಲಗಿ ಮೇಲಿನ ತಗಡನ್ನು ದಿಟ್ಟಿಸಿದ.

ಒಳಗೆ ಒಲೆ ಉರಿಯುತ್ತಿತ್ತು. ಸೆಕೆ ಇತ್ತು, ಸೂರು ಬದಲಾದ ಮಾತ್ರಕ್ಕೆ ಬೇಸಿಗೆ ಓಡಿಹೋಗುವುದಿಲ್ಲ. ಆದರೆ ತಲೆಯ ಮೇಲಿನ ಬೆಂಕಿ ಇಲ್ಲವಾಗಿತ್ತು. ಅತ್ತೆ ಬೇಯಿಸುತ್ತಿದ್ದಳು, ಸೊಸೆ ದೂರದ ಬಾಗಿಲ ಬಳಿ ಗಾಳಿಗೆ ಕೂತು ಹಿಟ್ಟು ನಾದುತ್ತಿದ್ದಳು. ಮಗು ಬೆಳಗಿನಿಂದ ಸುಮ್ಮನೆ ಇರಲೊಲ್ಲದು. ಹೆರಿಗೆಗೆ ಇನ್ನೂ ದಿನವಿತ್ತು. ಬಿಸಿಲಿಗೂ ಇನ್ನೂ ದಿನವಿತ್ತು.

ಮಾವ ಬಾಗಿಲಲ್ಲಿ ಬಂದು ನಿಂತ. ಕಣ್ಣು ಕೆಂಪಾಗಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಯಾರೂ ಅವನನ್ನು ಬನ್ನಿ ಎನ್ನಲಿಲ್ಲ. ತಾನಾಗಿಯೇ ಬಂದು ನೀರಿನ ಕೊಡದ ಪಕ್ಕ ಗೋಡೆಗೆ ಒರಗಿ ಕೂತ. ಅತ್ತೆ ಈರುಳ್ಳಿಯ ಬುಟ್ಟಿಯನ್ನು ಕಾಲಿನಿಂದ ಅವನ ಕಡೆಗೆ ನೂಕಿದಳು. ಅವನು ಒಂದು ಈರುಳ್ಳಿ ತೆಗೆದುಕೊಂಡು ಸಿಪ್ಪೆ ಸುಲಿಯತೊಡಗಿದ.

"ಸಮಿತಿಯೋರನ್ನ ಇನ್ನೊಂದ್ಸಲ ಕರೀಬೇಕು ಅನ್ಸುತ್ತೆ," ಎಂದ ಈರುಳ್ಳಿಗೇ ಹೇಳುವ ಹಾಗೆ. "ಈ ಊಟದ ಹೊತ್ತಿನ ವಿಷಯ. ಕೂತು ಮಾತಾಡ್ಬೇಕು."

"ಕರೀರಿ ಮಾವ. ನಾವೂ ಬರ್ತೀವಿ, ಬೀದಿ ಹೆಂಗಸರೆಲ್ಲ," ಎಂದಳು ಸೊಸೆ. ನಾದಿದ ಹಿಟ್ಟನ್ನು ಮಣೆಗೆ ಒಂದು ಸಲ ಬಲವಾಗಿ ಬಡಿದಳು. "ಸಂಘದ ಕಟ್ಟಡ ಬೇಡ. ಇಲ್ಲೇ, ನಮ್ಮ ಜಗಲಿ ಮೇಲೆ ಕರೀರಿ. ನಡುಮಧ್ಯಾಹ್ನಕ್ಕೆ."